ಅಕ್ಕನ ಮಾಳಿಗೆಯ ಧೂಳು

ಕುರುಗೋಡಿನ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ ಇದೆ. ಮಣ್ಣಿನ ಮಾಳಿಗೆ ಮನೆ, ಊರಿನ ಕೊನೆಯ ಸಾಲು. ಮನೆಯ ಮುಂದಿನ ರಸ್ತೆಯಲ್ಲಿ ಹಳೆಯ ಕಲ್ಲು ಕ್ವಾರಿಯ ಟಿಪ್ಪರ್‌ಗಳು ದಿನವಿಡೀ ಓಡಾಡುತ್ತವೆ. ಸಂಕ್ರಾಂತಿ ಬಂದರೆ ಅಕ್ಕ ಆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಾಳೆ. ಒಣಗಿಸಿ, ತೊಟ್ಟು ಬಿಡಿಸಿ, ಖಾರದ ಪುಡಿ ಮಾಡಿ ಬಳ್ಳಾರಿಯ ಎರಡು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಸ್ವಂತ ದುಡಿಮೆ ಅಂತ ಇರುವುದು ಅದೊಂದೇ.

ಆ ಮಾಳಿಗೆಯ ಬಗ್ಗೆ ನಾನು ಸುಳ್ಳು ಹೇಳಿದ್ದೇನೆ. ಬಾಯಿಂದ ಹೇಳಿದ್ದು ಒಂದೆರಡು ಸಲ. ಕೈಯಿಂದ ಎಷ್ಟೋ ಸಲ, ಮತ್ತು ಆ ಕೈಗಳು ಅಕ್ಕನವು.

ನಮ್ಮದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಅವ್ವ ಬೇಗ ಹೋದಳು. ನನ್ನನ್ನು ನೋಡಿಕೊಳ್ಳಲು ಅಕ್ಕ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಳು. ನಾನು ಏಳರವರೆಗೆ ಹೋದೆ. ಓದು ತಲೆಗೆ ಹೋಗಲಿಲ್ಲ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ನಿಜವೆಂದರೆ ಕಾಲುವೆ ಏರಿಯ ಮೇಲೆ ಟ್ರ್ಯಾಕ್ಟರ್ ಓಡಿಸುವ ಹುಚ್ಚು ಹಿಡಿದಿತ್ತು. ಮನೆಯಲ್ಲಿ ನಾನು ಬರೆಯಲು ಕುಳಿತರೆ ಅಕ್ಕ ಎದುರಿಗೆ ಕೂಡುತ್ತಿದ್ದಳು. ಅವಳಿಗೆ ತಿದ್ದಲು ಬರುತ್ತಿರಲಿಲ್ಲ. “ಬರಿ, ನಾ ನೋಡ್ತೀನಿ” ಅನ್ನುತ್ತಿದ್ದಳು. ಅವಳು ನೋಡುತ್ತಿದ್ದಾಳೆ ಎಂಬ ಕಾರಣಕ್ಕೇ ನಾನು ಅಷ್ಟಾದರೂ ಬರೆದೆ.

ಅಪ್ಪನೂ ಹೋದ ಮೇಲೆ ನಾನು ಹೆಂಡತಿಯನ್ನು ಕರೆದುಕೊಂಡು ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆ. ಗಾಳಿ, ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಜೀಪಿನ ಡ್ರೈವರ್ ಕೆಲಸ ಸಿಕ್ಕಿತು. ಹೆಸರಿಗೆ ಡ್ರೈವರ್. ಯಂತ್ರ ಹೊರುವುದು, ಇಳಿಸುವುದು, ಕರೆಂಟ್ ಕೊಡುವುದು, ಕಾವಲು ಕೂಡುವುದು ಎಲ್ಲಾ ನಾನೇ.

ಹೊಸದಾಗಿ ಕ್ವಾರಿ ಶುರು ಮಾಡಬೇಕಾದರೆ ಸರ್ಕಾರದಿಂದ ಪರಿಸರ ಅನುಮತಿ ಬೇಕು. ಸುಮ್ಮನೆ ಅರ್ಜಿ ಹಾಕಿದರೆ ಸಿಗುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಈಗ ಗಾಳಿ ಹೇಗಿದೆ, ನೀರು ಹೇಗಿದೆ ಎಂದು ಒಂದು ಹಂಗಾಮು ಪೂರ್ತಿ ಅಳೆಯಬೇಕು. ಅದನ್ನು ವರದಿ ಮಾಡಿ, ಊರವರನ್ನು ಕೂಡಿಸಿ ಸಭೆ ನಡೆಸಿ, ಅವರ ಮಾತು ಬರೆದುಕೊಳ್ಳಬೇಕು. ಅಕ್ಕನ ಊರಿನ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಹೊಸ ಕ್ವಾರಿ ಬರುವುದಿತ್ತು. ಅಳೆಯುವ ಕೆಲಸ ನಮ್ಮ ಲ್ಯಾಬಿಗೆ ಬಂತು. ಧೂಳಿನ ಯಂತ್ರ ಇಡಲು ಆ ಊರಿನಲ್ಲಿ ಒಂದು ಮಾಳಿಗೆ ಬೇಕು ಎಂದು ಮ್ಯಾನೇಜರ್ ಹೇಳಿದಾಗ ನಾನು ಅಕ್ಕನ ಮನೆಯನ್ನೇ ತೋರಿಸಿದೆ.

“ಯಕ್ಕಾ, ನಿನ್ನ ಮಾಳಿಗಿ ಮ್ಯಾಲೆ ಒಂದು ಮಷಿನ್ ಇಡಬೇಕು. ವಾರಕ್ಕ ಎರಡು ಸಲ. ಯುಗಾದಿ ಮಟ.”

“ಏನ್ ಮಷಿನ್‌ಲೇ ಅದು?”

“ಗಾಳ್ಯಾಗ ಎಷ್ಟು ಧೂಳ ಐತಿ ಅಂತ ನೋಡತೈತಿ.”

“ಅದಕ್ಕ ಮಷಿನ್ ಯಾಕ? ನನ್ನ ಕೇಳಂತ ಹೇಳು, ನಾ ಹೇಳ್ತೀನಿ.”

ಕಟ್ಟೆಯ ಮೇಲೆ ಕುಳಿತಿದ್ದ ಮಾವ, ಅಂದರೆ ಅಕ್ಕನ ಗಂಡ, ನಕ್ಕ. “ಆಕಿನ್ನ ಕೇಳಿದ್ರ ಯುಗಾದಿ ಅಲ್ಲ, ದೀಪಾವಳಿ ಬಂದ್ರೂ ಮುಗಿಯಂಗಿಲ್ಲೋ.”

ಯಂತ್ರ ಇಟ್ಟಲ್ಲಿ ಬೇರೆ ಏನೂ ಇರಬಾರದು ಎಂದು ಮ್ಯಾನೇಜರ್ ಹೇಳಿದ್ದರು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮೆಣಸಿನಕಾಯಿ ಹರವುವ ಹೊತ್ತು ಅದೇ. ಅಕ್ಕನೇ ಮಾಳಿಗೆಯ ಕಡೆ ನೋಡಿ, “ನಿನ್ನ ನೌಕರಿ ಕೆಲಸಲೇ, ಇಡು. ಕಾಯಿ ನಾ ಹೊಲದ ಕಣದಾಗ ಹರವ್ತೀನಿ” ಅಂದಳು. ಕಣ ಊರ ಹೊರಗಿತ್ತು. ಆ ಹಂಗಾಮು ಪೂರ್ತಿ ಬೆಳಿಗ್ಗೆ ಚೀಲ ಹೊತ್ತು ಹೋಗಿ, ಸಂಜೆ ಹೊತ್ತು ತಂದಳು.

ಮೊದಲ ದಿನ ಜೀಪು ತಗೊಂಡು ಹೋದಾಗ ಮನೆ ಗುರುತೇ ಸಿಗಲಿಲ್ಲ. ಮಾಳಿಗೆ ಸಾರಿಸಿದ್ದಳು. ಅಂಗಳಕ್ಕೆ, ಅಂಗಳ ದಾಟಿ ರಸ್ತೆಗೆ, ರಸ್ತೆಯ ತಿರುವಿನವರೆಗೆ ನೀರು ಹೊಡೆದು ಧೂಳು ಅಡಗಿಸಿದ್ದಳು. ನೆಲ ತಂಪಾಗಿ ಮಣ್ಣಿನ ವಾಸನೆ ಬರುತ್ತಿತ್ತು. ನಮ್ಮ ಕಡೆ ಮನೆಗೆ ಯಾರಾದರೂ ದೊಡ್ಡವರು ಬರುತ್ತಾರೆಂದರೆ ಮೊದಲು ಮಾಡುವ ಕೆಲಸ ಅದು. ಮದುವೆಗೆ ಹೆಣ್ಣು ನೋಡಲು ಬರಲಿ, ಸಾಲಿ ಮಾಸ್ತರು ಬರಲಿ, ಬಾಗಿಲ ಮುಂದಿನ ಮಣ್ಣಿಗೆ ನೀರು ಬೀಳಲೇಬೇಕು.

“ಎಲ್ಲದಾರಲೇ ಸಾಹೇಬ್ರು?” ಅಕ್ಕ ಜೀಪಿನ ಒಳಗೆ ಇಣುಕಿದಳು.

“ಯಾರೂ ಇಲ್ಲಬೇ. ನಾನ ಸಾಹೇಬ.”

“ಥೂ ನಿನ! ಮುಂಜಾಲೆ ಎದ್ದು ಹನ್ನೆರಡು ಕೊಡ ನೀರು ಹೊತ್ತೀನಲೇ. ನನ್ನ ನೋಡಾಕ ಗಂಡಿನೋರು ಬಂದಾಗೂ ಅಪ್ಪ ಇಷ್ಟು ನೀರು ಹೊಡಸಿದ್ದಿಲ್ಲ.”

ಇಬ್ಬರೂ ನಕ್ಕೆವು. ಯಂತ್ರ ಮೇಲೇರಿಸಿದೆ. ಅದು ಗುರ್ ಎಂದು ಗಾಳಿ ಎಳೆದುಕೊಳ್ಳುತ್ತದೆ, ಒಳಗಿನ ಬಿಳಿ ಕಾಗದದ ಮೇಲೆ ಧೂಳು ಕೂಡುತ್ತದೆ. ಒಂದು ಹಗಲು, ಒಂದು ರಾತ್ರಿ ಓಡಿಸಿ, ಕಾಗದವನ್ನು ಚಿಮಟಿಯಿಂದ ತೆಗೆದು ಕವರಿನಲ್ಲಿಟ್ಟು ಲ್ಯಾಬಿಗೆ ಒಯ್ಯಬೇಕು. ಅಲ್ಲಿ ತೂಗುತ್ತಾರೆ. ಅಷ್ಟೇ.

ಲ್ಯಾಬಿನಲ್ಲಿ ತೂಗುವವರು ಒಬ್ಬ ಮೇಡಂ. ದೇಶನೂರಿನ ರೈತರ ಮಗಳು, ನನಗಿಂತ ಚಿಕ್ಕವರು. ಅವರು ಎರಡು ಕಾಗದ ಪಕ್ಕಪಕ್ಕ ಇಟ್ಟು ನನ್ನನ್ನು ಕರೆದರು. ಬೇರೆ ಊರಿನದು ಚಹಾ ಚೆಲ್ಲಿದಂತೆ ಕಂದು ಬಣ್ಣ. ಅಕ್ಕನ ಮನೆಯದು ಹೆಚ್ಚುಕಡಿಮೆ ಬಿಳಿ.

“ಇದ್ಯಾಕಣ್ಣ ಇಷ್ಟು ಬೆಳ್ಳಗೈತಿ? ಟಿಪ್ಪರ್ ಓಡೋ ರಸ್ತೆ ಅಂತ ನೀವ ಬರದೀರಿ.”

“ಗೊತ್ತಿಲ್ರೀ ಮೇಡಂ.”

“ಯಾರರ ನೀರು ಹೊಡದಿದ್ರೇನು? ನೀರು ಹೊಡದ್ರ ಆ ದಿನದ್ದು ಲೆಕ್ಕಕ್ಕಿಲ್ಲ, ಮತ್ತ ಇಡಬೇಕು.”

“ಇಲ್ರೀ.”

ಬಾಯಿಂದ ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ಅದು ಸುಳ್ಳು ಎಂದೂ ಅನ್ನಿಸಲಿಲ್ಲ. ಅಕ್ಕನ ಹನ್ನೆರಡು ಕೊಡದ ಆದರ ತಪ್ಪಾಯಿತು ಎಂದು ಹೇಳಲು ಮನಸ್ಸು ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದೇ ಸಂಜೆ ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈ ಹಾಕಿದರು.

“ಭಾರಿ ಚಲೋ ಜಾಗ ಹಿಡದೀಯಪ್ಪ. ಅನುಮತಿ ಬಂದ್ರ ಕ್ವಾರಿಯವರಿಗೆ ಖಾಯಂ ಡ್ರೈವರ್ ಬೇಕಾಗತೈತಿ. ನಿನ್ನ ಹೆಸರು ಹೇಳ್ತೀನಿ.”

ಊರಿನ ಗಾಳಿ ಈಗ ಶುದ್ಧವಾಗಿದೆ ಎಂದು ಕಂಡರೆ, ಹೊಸ ಕ್ವಾರಿಯ ಧೂಳು ಸೇರಿದರೂ ಮಿತಿ ದಾಟುವುದಿಲ್ಲ ಎಂದು ಬರೆಯಬಹುದು. ಆಗ ಧೂಳು ತಡೆಯಲು ಮಾಡಬೇಕಾದ ಏರ್ಪಾಟುಗಳೂ ಕಡಿಮೆ. ಇಷ್ಟು ತಿಳಿಯದಷ್ಟು ದಡ್ಡ ನಾನಲ್ಲ. ನೀರು ಹೊಡೆಸು ಎಂದು ಮ್ಯಾನೇಜರ್ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ತಪ್ಪನ್ನು ಅವರ ತಲೆಗೆ ಕಟ್ಟಿ ಹಗುರಾಗುತ್ತಿದ್ದೆ.

ಮುಂದಿನ ಸಲ ಹೋದಾಗ ಅಕ್ಕ ಕೇಳಿದಳು: “ಇವತ್ತೂ ನೀರು ಹೊಡೀಬೇಕೇನ್ಲೇ?”

“ಹೊಡಿ ಯಕ್ಕಾ. ಮಷಿನ್ನಿಗೆ ತಂಪಿದ್ರ ಚಲೋ.”

ಅವಳು ನಂಬಿದಳು. ಯುಗಾದಿಯವರೆಗೆ ವಾರಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಊರ ಮುಂದಿನ ತೊಟ್ಟಿಯಿಂದ ನೀರು ಹೊತ್ತಳು. ಮೆಣಸಿನಕಾಯಿ ಚೀಲ ಹೊತ್ತ ಹೆಗಲ ಮೇಲೆಯೇ ಕೊಡ. ನಾನು ಮಾಳಿಗೆಯ ಮೇಲೆ ಯಂತ್ರದ ಪಕ್ಕ ಕುಳಿತು ನೋಡುತ್ತಿದ್ದೆ. ಒಂದು ದಿನ ಇಳಿದು ಒಂದು ಕೊಡ ಹೊತ್ತೆ. “ಬಿಡು, ಸಾಹೇಬ್ರು ನೀರು ಹೊತ್ರ ಊರಾಗ ನಗ್ತಾರ” ಎಂದು ಕಸಿದುಕೊಂಡಳು.

ಪಂಚಮಿ ಬಂತು. ತಮ್ಮನಾದವನು ಹೋಗಿ ಅಕ್ಕನನ್ನು ತವರಿಗೆ ಕರೆದು ತರಬೇಕು. ನಮಗೆ ತವರು ಎಂದರೆ ಸತ್ಯನಾರಾಯಣಪೇಟೆಯ ಆ ಬಾಡಿಗೆ ಮನೆ. ಕರೆಯಲು ಹೋದೆ. ಅಕ್ಕ ಶೇಂಗಾ ಉಂಡೆ, ತಂಬಿಟ್ಟು ಗಂಟು ಕಟ್ಟಿ ತಯಾರಾಗಿದ್ದಳು. ಬಸ್ಸಿಗೆ ಹೊರಟವಳು ದಾರಿಯಲ್ಲಿ ಪಂಚಾಯಿತಿ ಆಫೀಸಿನ ಮುಂದೆ ನಿಂತುಬಿಟ್ಟಳು.

“ಕ್ವಾರಿ ವರದಿ ಬಂದೈತಂತ. ಯಾರು ಬೇಕಾದ್ರೂ ಓದಬಹುದಂತ. ನಮ್ಮ ಮನಿ ಬಗ್ಗಿ ಏನ್ ಬರದಾರ, ಓದಿ ಹೇಳು.”

ಸಭೆಗೆ ಮೊದಲು ವರದಿಯ ಸಾರಾಂಶವನ್ನು ಕನ್ನಡದಲ್ಲಿ ಮಾಡಿ ಊರಿನಲ್ಲಿಡಬೇಕು, ಅದು ನಿಯಮ. ಗುಮಾಸ್ತ ಪುಸ್ತಕ ಕೊಟ್ಟ. ಅಕ್ಕ ಬೆಂಚಿನ ಮೇಲೆ ನನ್ನ ಎದುರು ಕುಳಿತಳು. “ಓದು, ನಾ ಕೇಳ್ತೀನಿ.”

ನಾನು ಬೆರಳಿಟ್ಟು ಓದುವವನು. ಗುಡ್ಡದ ಅಳತೆ, ಕಲ್ಲಿನ ಜಾತಿ, ನೆಡುವ ಗಿಡಗಳ ಹೆಸರು ಓದಿದೆ. ಗಾಳಿಯ ಪುಟ ಬಂತು. ಗ್ರಾಮದ ಮಾಳಿಗೆಯಲ್ಲಿ ಅಳೆದ ಧೂಳು ಎಲ್ಲಾ ಕಡೆಗಿಂತ ಕಡಿಮೆ ಇದೆ, ಆದ್ದರಿಂದ ಗ್ರಾಮದ ಕಡೆ ವಿಶೇಷ ಕ್ರಮ ಬೇಕಿಲ್ಲ ಎಂದಿತ್ತು. ಬೆರಳು ಅಲ್ಲೇ ನಿಂತಿತು. ಅದನ್ನು ಬಿಟ್ಟು ಮುಂದಿನ ಸಾಲು ಓದಿದೆ.

“ಧೂಳಿಂದು ಏನ್ ಬರದಾರ?”

“ಅಳತಿ ಮಾಡೀವಿ ಅಂತ ಬರದಾರ.”

“ಹೌದಲ? ಸಾಕು ಬಿಡು. ನಾ ಸಭೆದಾಗ ಎದ್ದು ಕೇಳ್ತೀನಿ. ಜನ ಸುಳ್ಳು ಹೇಳಬಹುದು, ಮಷಿನ್ ಹೇಳಂಗಿಲ್ಲಲ.”

ಆ ಪಂಚಮಿಗೆ ಅಕ್ಕ ನಮ್ಮ ಮನೆಗೆ ಬಂದಳು. ಮೂರು ದಿನ ಮನೆಯಲ್ಲಿದ್ದಳು. ಹೇಳಲು ಮೂರು ದಿನ ಇದ್ದವು. ನನ್ನ ಹೆಂಡತಿಯ ಕೂಡ ಹರಟೆ ಹೊಡೆಯುತ್ತಾ, ಖಾನಾವಳಿಯವರು ಈ ಸಲ ಹೆಚ್ಚು ಖಾರ ಕೇಳಿದ್ದಾರೆ, ಮುಂದಿನ ವರ್ಷ ಮಾಳಿಗೆ ಪೂರ್ತಿ ಹರವುತ್ತೇನೆ ಅನ್ನುತ್ತಿದ್ದಳು. ನಾನು ಹೇಳಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಬಂದೆ.

ಸಭೆ ಊರಿನ ಶಾಲೆಯ ಬಯಲಿನಲ್ಲಿ ನಡೆಯಿತು. ಶಾಮಿಯಾನ, ಮೈಕು, ವಿಡಿಯೊ ತೆಗೆಯುವವನು. ಜಿಲ್ಲೆಯ ಒಬ್ಬ ದೊಡ್ಡ ಅಧಿಕಾರಿ ನಡುವೆ ಕುಳಿತಿದ್ದರು. ವರದಿ ಹೇಳಲು ನಮ್ಮ ಮ್ಯಾನೇಜರ್ ಇದ್ದರು. ಮೇಡಂ ಫೈಲು ಹಿಡಿದು ಹಿಂದೆ ಕುಳಿತಿದ್ದರು. ನಾನು ಜೀಪಿಗೆ ಒರಗಿ ನಿಂತಿದ್ದೆ.

ನಾಲ್ಕೈದು ಗಂಡಸರು ಮಾತಾಡಿದ ಮೇಲೆ ಅಕ್ಕ ಎದ್ದಳು. ಮೈಕು ಹಿಡಿಯಲು ಬರದೆ ಅದರಿಂದ ದೂರವೇ ನಿಂತು ಜೋರಾಗಿ ಹೇಳಿದಳು.

“ಕ್ವಾರಿ ಬ್ಯಾಡ ಅನ್ನಾಕ ನಾ ಬಂದಿಲ್ರೀ. ನಮ್ಮ ಮನಿಯವ್ರು ಕಲ್ಲು ಕೆಲಸಕ್ಕ ದಿನಾ ದೂರ ಹೋಗ್ತಾರ. ಊರಾಗ ಆದ್ರ ಚಲೋನ. ಆದ್ರ ಈಗ್ಲೇ ನಮ್ಮ ಮಾಳಿಗಿ ಮ್ಯಾಲೆ ಮುಂಜಾನಿ ಹರವಿದ ಮೆಣಸಿನಕಾಯಿ ಸಂಜಿಗೆ ಬೂದಿ ಹಚ್ಚಿದಂಗ ಆಗ್ತಾವು. ಇನ್ನೊಂದು ಬಂದ್ರ ನಾ ಎಲ್ಲಿ ಹರವ್ಲಿ? ಕಲ್ಲು ಪುಡಿ ಮಾಡೋ ಮಷಿನ್ನಿಗೆ ಸುತ್ತ ಶೆಡ್ ಕಟ್ರಿ. ರಸ್ತೆಕ್ಕ ನೀರು ಹೊಡಸ್ರಿ. ಇಷ್ಟ ನಾ ಕೇಳೋದು.”

ಮ್ಯಾನೇಜರ್ ಮೃದುವಾಗಿಯೇ ಉತ್ತರ ಕೊಟ್ಟರು. “ತಾಯಿ, ನಿಮ್ಮ ಮಾಳಿಗೆಯ ಮೇಲೆಯೇ ಅಳೆದಿದ್ದೇವೆ. ಜಾಗ ಕೊಟ್ಟವರು ನೀವೇ. ಸುತ್ತಲಿನ ಎಲ್ಲಾ ಕಡೆಗಿಂತ ನಿಮ್ಮ ಮನೆಯ ಗಾಳಿಯೇ ಶುದ್ಧವಾಗಿದೆ.”

ಹಿಂದಿನಿಂದ ಯಾರೋ ಕೂಗಿದರು: “ಧೂಳಲ್ಲ ಅಕ್ಕೋ, ನಿನ್ನ ಖಾರಾನ ನಿನ್ನ ಕಣ್ಣಾಗ ಬಿದ್ದಿರಬೇಕು!”

ಶಾಮಿಯಾನವೆಲ್ಲ ನಕ್ಕಿತು. ಅಕ್ಕ ನಗಲಿಲ್ಲ, ಅಳುಕಲೂ ಇಲ್ಲ. “ಹಂಗ ಬರಾಕ ಸಾಧ್ಯ ಇಲ್ರೀ. ಮಷಿನ್ ಇಟ್ಟಾಂವ ನನ್ನ ತಮ್ಮ ಅದಾನ. ಅಲ್ಲಿ ನಿಂತಾನ ನೋಡ್ರಿ. ಅವನ್ನ ಕೇಳ್ರಿ” ಎಂದು ಕೈ ಮಾಡಿ ತೋರಿಸಿದಳು. ಆ ಕೈ ಮಾಡಿದ್ದರಲ್ಲಿ ಹೆಮ್ಮೆ ಇತ್ತು. ನನ್ನ ತಮ್ಮ, ಅವನಿಗೆ ಎಲ್ಲಾ ಗೊತ್ತು, ಅನ್ನುವ ಹೆಮ್ಮೆ.

ಜೀಪಿನಿಂದ ಮೈಕಿನವರೆಗೆ ಹೇಗೆ ನಡೆದೆನೋ ನೆನಪಿಲ್ಲ. ಮೈಕು ಹಿಡಿದ ಮೇಲೆ ಮಾತ್ರ ಎಲ್ಲಾ ನೆನಪಿದೆ.

“ಆ ಅಳತಿ ಸರಿ ಇಲ್ರೀ ಸಾಹೇಬ್ರ. ಪ್ರತಿ ಸಲ ಮಷಿನ್ ಇಡೋ ದಿನ ಅಂಗಳಕ್ಕ, ರಸ್ತೆಕ್ಕ ನೀರು ಹೊಡಸೀನಿ. ಮೇಡಂ ಕೇಳಿದ್ರು, ಇಲ್ಲ ಅಂತ ಹೇಳೀನಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಯಾರಾದರೂ ಹೇಳಿ ಮಾಡಿಸಿದರಾ?”

“ಇಲ್ರೀ. ಕ್ವಾರಿದಾಗ ನೌಕರಿ ಸಿಗತೈತಿ ಅನ್ನೋ ಆಸೆಕ್ಕ ನಾನ ಮಾಡಿದೆ. ನನ್ನ ಅಕ್ಕಗ ಇದು ಗೊತ್ತಿಲ್ಲ. ಮಷಿನ್ನಿಗೆ ತಂಪಿರ್ಲಿ ಅಂತ ಹೇಳಿದ್ದೆ, ನಂಬ್ಯಾಳ.”

ಅಕ್ಕ ಇನ್ನೂ ನಿಂತೇ ಇದ್ದಳು. ನನ್ನನ್ನು ನೋಡುತ್ತಾ, ಅಧಿಕಾರಿಗೆ ಹೇಳಿದಳು: “ಅದನ್ನೂ ಬರಕೊಳ್ರಿ. ನೀರು ಹೊತ್ತಾಕಿ ನಾನು. ಹೊರಿಸಿದಾಂವ ಇಂವ.”

ಬರೆದುಕೊಂಡರು. ಸಹಿ ಮಾಡು ಎಂದು ಹಾಳೆ ಮುಂದಿಟ್ಟರು. ನನ್ನ ಹೆಸರು ಬರೆಯಲು ನನಗೆ ಹೊತ್ತು ಬೇಕು. ತಲೆ ಎತ್ತಿ ನೋಡಿದೆ. ಚಿಕ್ಕಂದಿನಂತೆ ಅಕ್ಕ ಎದುರಿಗಿರಲಿಲ್ಲ. ಮನೆಯ ದಾರಿ ಹಿಡಿದಿದ್ದಳು.

ಕೆಲಸ ಹೋಯಿತು. ಹೋಗಬೇಕಾದದ್ದೇ. ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಬಳ್ಳಾರಿಗೆ ಲಾರಿ ಓಡಿಸಲು ಸೇರಿಕೊಂಡೆ. ಅಕ್ಕನಿಗೆ ಫೋನ್ ಮಾಡಿದರೆ ಮಾವ ಎತ್ತುತ್ತಿದ್ದ. ಅವನಿಗೂ ನಾನು ನಷ್ಟ ಮಾಡಿದ್ದೆ. ಅಳತೆ ಮತ್ತೆ ಮೊದಲಿನಿಂದ ಆಗಬೇಕು ಎಂದು ಆದೇಶವಾಗಿತ್ತು. ಊರಲ್ಲೇ ಸಿಗಬೇಕಾದ ಕೆಲಸ ಒಂದು ವರ್ಷ ಮುಂದಕ್ಕೆ ಹೋಯಿತು. ಆದರೂ ಅವನು ಬೈಯಲಿಲ್ಲ.

“ಆಕಿ ಮಾತಾಡಂಗಿಲ್ಲೇನು ಮಾವ?”

“ಮೂರು ತಿಂಗಳು ನೀರು ಹೊತ್ತಾಳೋ. ಮೂರು ತಿಂಗಳರ ಸಿಟ್ಟು ಇರ್ಲಿ ಬಿಡು.”

ಸಂಕ್ರಾಂತಿ ಮುಗಿದಿತ್ತು. ಒಂದು ದಿನ ಮೇಡಂ ಫೋನ್ ಮಾಡಿದರು. ಈ ಸಲದ ಅಳತೆಗೆ ಜಾಗ ಕೇಳಲು ಅವರೇ ಅಕ್ಕನ ಊರಿಗೆ ಹೋಗಿದ್ದರು. “ನಿಮ್ಮಕ್ಕ ಮಾಳಿಗಿ ಕೊಡ್ತೀನಿ ಅಂದಾರ. ಆದ್ರ ಎರಡು ಕರಾರು ಹಾಕ್ಯಾರ. ಈ ಸಲ ಕಾಯಿ ಕಣಕ್ಕ ಒಯ್ಯಂಗಿಲ್ಲಂತ, ಮಷಿನ್ ಬೇಕಾದ್ರ ಜಾಗ ಬಿಟ್ಟು ಒಂದು ಮೂಲ್ಯಾಗ ಇಡಬೇಕಂತ. ಸುತ್ತ ಅಷ್ಟು ದೂರ ಬಿಟ್ರ ನಡೀತೈತಿ ಅಂದೀನಿ. ಇನ್ನೊಂದು, ಮೊದಲನೇ ದಿನ ನೀವು ಬಂದು ಕುಂದ್ರಬೇಕಂತ.”

“ನಾನ್ಯಾಕ್ರೀ?”

“ನನಗೇನು ಗೊತ್ತು? ಅವರನ್ನ ಕೇಳ್ರಿ. ಬಾಜೂಕ ಅದಾರ.”

ಫೋನಿನಲ್ಲಿ ಅಕ್ಕನ ದನಿ ಬಂತು. ಅಷ್ಟು ತಿಂಗಳ ಮೇಲೆ ಮೊದಲ ಮಾತು. “ಬಾರಲೇ. ಈ ಸಲ ಕೊಡ ಮುಟ್ಟಿದ್ರ ಕೈ ಮುರೀತೀನಿ.”

ಹೋದೆ. ಮಾಳಿಗೆ ತುಂಬ ಮೆಣಸಿನಕಾಯಿ ಹರವಿತ್ತು. ಯಂತ್ರಕ್ಕೆ ಬೇಕಾದಷ್ಟು ದೂರ ಬಿಟ್ಟು, ಅಂಚಿಗೆ ಇಟ್ಟಿಗೆ ಸಾಲು ಇಟ್ಟಿದ್ದಳು. ಅಂಗಳ ಒಣಗಿತ್ತು. ಟಿಪ್ಪರ್ ಹೋದಾಗಲೆಲ್ಲ ಧೂಳು ಎದ್ದು, ಮಾಳಿಗೆ ಏರಿ, ಕೆಂಪು ಕಾಯಿಗಳ ಮೇಲೆ ಮೆಲ್ಲಗೆ ಕೂಡುತ್ತಿತ್ತು. ಅಕ್ಕ ನನ್ನ ಪಕ್ಕ ಕುಳಿತು ತೊಟ್ಟು ಬಿಡಿಸಿದಳು. ನನ್ನ ಮುಂದೆಯೂ ಒಂದು ಮೊರ ತುಂಬ ಕಾಯಿ ಸುರಿದಳು. ಇಬ್ಬರೂ ಸೀನಿದೆವು.

ಮಾರನೆಯ ದಿನ ಮೇಡಂ ಚಿಮಟಿಯಿಂದ ಕಾಗದ ತೆಗೆದು ಬೆಳಕಿಗೆ ಹಿಡಿದರು. ಕಂದು ಬಣ್ಣಕ್ಕೆ ತಿರುಗಿತ್ತು, ನಡುವೆ ಇನ್ನೂ ಗಾಢ. ಅಕ್ಕ ಮುಟ್ಟದೆ, ಬಗ್ಗಿ ನೋಡಿದಳು.

“ಹಿಂಗ ಬರಬೇಕಿತ್ತೇನ್ರೀ ಮೇಡಂ?”

“ಹಿಂಗ ಬರತೈತಿ ಅಂತ ನನಗ ಹೋದ ವರ್ಷಾನ ಅನಿಸಿತ್ತಕ್ಕ. ಒಂದಿನ ನಾನ ಬಂದು ನೋಡಬೇಕಿತ್ತು. ಬರಲಿಲ್ಲ. ನಂದೂ ತಪ್ಪೈತಿ.”

ಅಕ್ಕ ನನ್ನ ಕಡೆ ತಿರುಗಿ, “ಕೇಳಿಸ್ಕೊಂಡೇನು? ದೊಡ್ಡ ಸಾಲಿ ಕಲ್ತವ್ರು ಹಿಂಗ ಒಪ್ಕೊಂತಾರ. ಮೈಕ್ ಬೇಕಾಗಂಗಿಲ್ಲ” ಅಂದಳು. ಮೇಡಂ ನಗು ತಡೆದುಕೊಂಡರು. ನಾನೂ ನಕ್ಕೆ. ಅಕ್ಕನ ಮುಖದಲ್ಲೂ ಸ್ವಲ್ಪ ಏನೋ ಸಡಿಲಾಯಿತು.

ಅನುಮತಿ ಬಂತು, ಆದರೆ ಮೊದಲು ಕೇಳಿದಂತೆ ಅಲ್ಲ. ಊರಿನ ಕಡೆಯ ಮಗ್ಗುಲು ಬಿಡಬೇಕು, ಕಲ್ಲು ಪುಡಿ ಮಾಡುವಲ್ಲಿ ಶೆಡ್ ಇರಬೇಕು, ಹೊಸ ಟಿಪ್ಪರ್‌ಗಳು ಟಾರ್ಪಾಲು ಕಟ್ಟಿಕೊಂಡೇ ಓಡಬೇಕು, ಊರ ರಸ್ತೆಗೆ ದಿನವೂ ಟ್ಯಾಂಕರಿನಿಂದ ನೀರು ಹೊಡೆಯಬೇಕು, ಊರಲ್ಲಿ ಧೂಳು ಅಳೆಯುತ್ತಲೇ ಇರಬೇಕು ಎಂದು ಷರತ್ತು ಹಾಕಿದ್ದರು. ಅಕ್ಕ ಪಂಚಾಯಿತಿಯಿಂದ ಆ ಹಾಳೆ ತರಿಸಿ, ನನ್ನಿಂದ ಓದಿಸಿದಳು. ಒಂದು ಸಾಲೂ ಬಿಡದೆ ಓದಿದೆ. ಮುಗಿದ ಮೇಲೆ, “ಇನ್ನೊಮ್ಮಿ ಓದು” ಅಂದಳು. ಇನ್ನೊಮ್ಮೆ ಓದಿದೆ. ಎರಡೂ ಸಲ ಒಂದೇ ಆಯಿತಾ ಎಂದು ನೋಡುತ್ತಿದ್ದಳು ಎಂದು ನನಗೆ ಗೊತ್ತಾಯಿತು. ನೋಡಲಿ.

ಈಗ ಮಾವ ಆ ಕ್ವಾರಿಯಲ್ಲೇ ಕೆಲಸ ಮಾಡುತ್ತಾನೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಷರತ್ತುಗಳೆಲ್ಲ ದಿನವೂ ನಡೆಯುತ್ತವೆ ಎಂದು ನಾನು ಹೇಳಲಾರೆ. ಟ್ಯಾಂಕರ್ ಬರದ ದಿನ ಅಕ್ಕ ಕ್ವಾರಿಯ ಗೇಟಿಗೆ ಹೋಗಿ ನಿಲ್ಲುತ್ತಾಳೆ. ಮಾರನೆಯ ದಿನ ಬರುತ್ತದೆ.

ಹೋದ ತಿಂಗಳು ಅಕ್ಕಿ ಇಳಿಸಿ ಬರುವಾಗ ಲಾರಿಯನ್ನು ಊರ ಹೊರಗೆ ನಿಲ್ಲಿಸಿ ಮನೆಗೆ ಹೋದೆ. ಟ್ಯಾಂಕರ್ ಆಗಷ್ಟೇ ನೀರು ಹೊಡೆದು ಹೋಗಿತ್ತು. ರಸ್ತೆಯಿಂದ, ಆ ಮೊದಲ ದಿನದ ಹಾಗೆಯೇ, ಮಣ್ಣಿನ ವಾಸನೆ ಬರುತ್ತಿತ್ತು. ಅಕ್ಕ ಮಾಳಿಗೆಯ ಮೇಲಿಂದಲೇ ಕೂಗಿದಳು.

“ನೋಡಿದೇನ್ಲೇ? ಈಗ ಅವ್ರು ಹೊಡೀತಾರ, ನಾ ಕುಂತು ನೋಡ್ತೀನಿ.”

ನಿಚ್ಚಣಿಕೆ ಹತ್ತಿ ಮೇಲೆ ಹೋದೆ. ಅವಳು ಒಂದು ಮೆಣಸಿನಕಾಯಿ ಎತ್ತಿ, ಸೆರಗಿನಿಂದ ಒರೆಸಿ, ಸೆರಗನ್ನು ನನ್ನ ಮುಂದೆ ಹಿಡಿದಳು. ಸ್ವಲ್ಪ ಧೂಳು ಇತ್ತು. ಮೊದಲಿನಷ್ಟು ಇರಲಿಲ್ಲ.

“ಎಷ್ಟೈತಿ, ಹೇಳು.”

“ಐತಿ ಯಕ್ಕಾ. ಸ್ವಲ್ಪ ಐತಿ.”

“ಹ್ಞಾಂ. ಇದ್ದದ್ದು ಇದ್ದಂಗ ಹೇಳು” ಎಂದು, ಕಾಯಿ ತುಂಬಿದ ಮೊರ ನನ್ನ ಕಡೆ ತಳ್ಳಿದಳು. ಕುಳಿತು ತೊಟ್ಟು ಬಿಡಿಸತೊಡಗಿದೆ.